ಧಾರಾವಾಹಿಯ ನಾಯಕ ಚೆಲುವನಾಗಿರಲೇಬೇಕೇ?

ಪ್ರಶ್ನೆ: ಕೆಲಸದ ನಿಮಿತ್ತ ಕೋಲ್ಕತ್ತಾಕ್ಕೆ ಬಂದು ಸಿಯಾಲ್ದಾ ನಿಲ್ದಾಣದ ಹತ್ತಿರ ಮನೆ ಮಾಡಿದ್ದೇವೆ. ನಾನು ದಿನಾ ಓಡಾಡುವ ಮಹಾತ್ಮ ಗಾಂಧಿ ರಸ್ತೆಯೇ ಹಿಂದಿನ ಹ್ಯಾರಿಸನ್ ರಸ್ತೆ, ಪತ್ತೇದಾರ ಬ್ಯೋಮಕೇಶ್ ಬಕ್ಷಿಯ ಮನೆ ಇದ್ದದ್ದು ಇಲ್ಲೇ ಎಂದು ಕಚೇರಿಯ ಬಂಗಾಳಿ ಗೆಳೆಯರು ಹೇಳಿದರು. ಚಿಕ್ಕಂದಿನಲ್ಲಿ ದೂರದರ್ಶನದಲ್ಲಿ ಕಂಡಿದ್ದ ಆ ಧಾರಾವಾಹಿಯನ್ನು ಹುಡುಕಿ ಮತ್ತೆ ನೋಡಿದೆ. ನಾಯಕ ರಜಿತ್ ಕಪೂರ್ ಸಿನಿಮಾ ಹೀರೋ ಥರ ಇಲ್ಲ, ಆದರೂ ಕಣ್ಣು ಕೀಳಲಾಗಲಿಲ್ಲ. ಪಕ್ಕದ ಕೋಣೆಯಲ್ಲಿ ನನ್ನ ಹೆಂಡತಿ ಮೊಬೈಲಿನಲ್ಲಿ ನೋಡುವ ಕನ್ನಡ ಧಾರಾವಾಹಿಗಳಲ್ಲಾದರೋ ನಾಯಕರೆಲ್ಲ ಆರಡಿ ಎತ್ತರ, ಟ್ರಿಮ್ ಮಾಡಿದ ಗಡ್ಡ, ಇಸ್ತ್ರಿ ಕೆಡದ ಸೂಟು. ಟೀವಿ ನಾಯಕ ಚೆಲುವನಾಗಿರಲೇಬೇಕೆಂಬ ನಿಯಮವೇನಾದರೂ ಉಂಟೇ? ನನ್ನ ಅಕ್ಕನ ಮಗನಿಗೆ ಧಾರಾವಾಹಿಯಲ್ಲಿ ನಟಿಸುವ ಆಸೆ. ಮುಖ ಸಾಧಾರಣ. ಅವನಿಗೆ ಏನು ಹೇಳಲಿ? ಕ್ಷುಲ್ಲಕ ಪ್ರಶ್ನೆ ಅನ್ನಿಸಿದರೆ ಕ್ಷಮಿಸಿ.
– ಸಿಯಾಲ್ದಾದಿಂದ ಒಬ್ಬ ಓದುಗರು

ಉತ್ತರ: ಕ್ಷಮೆ ಕೇಳುವಂಥದ್ದೇನೂ ಇಲ್ಲ. ದಿನಾ ಸಂಜೆ ಮನೆಮನೆಯಲ್ಲಿ ಕಾಣುವ ಮುಖಗಳನ್ನು ಯಾರು ಆರಿಸುತ್ತಾರೆ, ಏಕೆ ಆರಿಸುತ್ತಾರೆ ಎಂದು ಕೇಳುವುದು ಒಳ್ಳೆಯ ಕುತೂಹಲವೇ. ನಿಮ್ಮ ಸಂದೇಹವನ್ನು ಒಮ್ಮೆ ಬಿಡಿಸಿ ಇಟ್ಟುಕೊಳ್ಳೋಣ. ಚೆಲುವು ಬೇಕೇಬೇಕು ಎನ್ನುವುದಾದರೆ ರಜಿತ್ ಕಪೂರ್ ಅವರನ್ನು ಜನ ಇಂದಿಗೂ ನೆನಪಿಟ್ಟುಕೊಂಡಿರುವುದು ಹೇಗೆ? ಬೇಡವೇ ಬೇಡ ಎನ್ನುವುದಾದರೆ ಇಂದಿನ ನಾಯಕರೆಲ್ಲ ಒಂದೇ ಹೊಲಿಗೆ ಅಂಗಡಿಯಿಂದ ಬಂದವರ ಹಾಗೆ ಇರುವುದೇಕೆ? ಎರಡಕ್ಕೂ ಉತ್ತರ ಸಿಗುವ ಜಾಗದಲ್ಲೇ ನೀವು ಮನೆ ಮಾಡಿದ್ದೀರಿ. ಅಲ್ಲಿಂದಲೇ ಹೊರಡೋಣ.

ಹೌರಾ ಸೇತುವೆಯ ಕಡೆಯಿಂದ ಸಿಯಾಲ್ದಾದವರೆಗೆ ಬರುವ ನಿಮ್ಮ ಆ ರಸ್ತೆಯಲ್ಲಿ ಇವತ್ತು ಮದುವೆ ಬ್ಯಾಂಡಿನವರ ಅಂಗಡಿಗಳು ಕಾಣುತ್ತವೆ. ಒಂದು ಕಾಲಕ್ಕೆ ಆ ಸುತ್ತಿನ ಮಹಡಿಗಳಲ್ಲಿ ‘ಮೆಸ್’ಗಳು ತುಂಬಿಕೊಂಡಿದ್ದವು. ಮೆಸ್ ಎಂದರೆ ನಮ್ಮ ಕಡೆಯ ಊಟದ ಮೆಸ್ ಮಾತ್ರವಲ್ಲ, ಊಟದ ಜೊತೆಗೆ ಕೋಣೆಯೂ ಸೇರಿದ ವಸತಿ. ಹಳ್ಳಿ, ಸಣ್ಣ ಊರುಗಳಿಂದ ಬಂದ ಗುಮಾಸ್ತರು, ವಿದ್ಯಾರ್ಥಿಗಳು ಕೋಣೆ ಹಂಚಿಕೊಂಡು ಇರುತ್ತಿದ್ದರು. ಲೇಖಕ ಶರದಿಂದು ಬಂದ್ಯೋಪಾಧ್ಯಾಯ (1899–1970) ಸ್ವತಃ ವಿದ್ಯಾರ್ಥಿ ದೆಸೆಯಲ್ಲಿ ಹ್ಯಾರಿಸನ್ ರಸ್ತೆಯ ಪ್ರೆಸಿಡೆನ್ಸಿ ಬೋರ್ಡಿಂಗ್ ಹೌಸಿನಲ್ಲಿ ಇದ್ದವರು. 1932ರಲ್ಲಿ ಅವರು ಬ್ಯೋಮಕೇಶನನ್ನು ಸೃಷ್ಟಿಸಿದಾಗ ಅವನಿಗೂ ಅದೇ ರಸ್ತೆಯಲ್ಲಿ ಮನೆ ಮಾಡಿಕೊಟ್ಟರು. ಬಾಗಿಲಲ್ಲಿ ಹಿತ್ತಾಳೆಯ ಫಲಕ, ಒಳಗೆ ಗೆಳೆಯ ಅಜಿತ್, ಚಹಾ ತರಲು ಪುಂಟೀರಾಮ.

ಮೊದಲ ಭೇಟಿ ಮಾತ್ರ ಆ ಮನೆಯಲ್ಲಿ ಆಗುವುದಿಲ್ಲ. ‘ಸತ್ಯಾನ್ವೇಷಿ’ ಎಂಬ ಕತೆಯಲ್ಲಿ ಅಜಿತ್ ಇರುವ ಮೆಸ್ಸಿಗೆ ಒಬ್ಬ ಯುವಕ ಕೋಣೆ ಕೇಳಿಕೊಂಡು ಬರುತ್ತಾನೆ. ಸುಳ್ಳು ಹೆಸರು ಹೇಳುತ್ತಾನೆ, ಕೆಲಸ ಹುಡುಕುತ್ತಿದ್ದೇನೆ ಎನ್ನುತ್ತಾನೆ. ಅಜಿತ್ ತನ್ನ ಕೋಣೆಯಲ್ಲೇ ಜಾಗ ಕೊಡುತ್ತಾನೆ. ಹಾಗೆ ಬಂದವನೇ ಬ್ಯೋಮಕೇಶ್. ಈ ಸನ್ನಿವೇಶವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಇಲ್ಲಿ ಅನೇಕರಿಗೆ ಒಂದು ಗೊಂದಲವಾಗುತ್ತದೆ, ನಿಮಗೂ ಆಗಿರಬಹುದು. ರಜಿತ್ ಕಪೂರರನ್ನು ನೋಡಿದವರು, ಪುಸ್ತಕದ ಬ್ಯೋಮಕೇಶನೂ ಸಾದಾ ರೂಪಿನವನೇ ಇರಬೇಕು, ಅದಕ್ಕೇ ಇಂಥ ನಟನನ್ನು ಹಾಕಿದ್ದಾರೆ ಎಂದುಕೊಳ್ಳುತ್ತಾರೆ. ವಿಷಯ ತಿರುವುಮುರುವು. ಶರದಿಂದು ಆ ಮೊದಲ ಭೇಟಿಯಲ್ಲೇ ಅವನಿಗೆ ಬಿಳಿಯ ಮೈಬಣ್ಣ, ಲಕ್ಷಣವಾದ ಮೈಕಟ್ಟು, ಬುದ್ಧಿವಂತಿಕೆ ಎದ್ದು ಕಾಣುವ ಕಣ್ಣು ಕೊಟ್ಟಿದ್ದಾರೆ. 1938ರಿಂದ ಮುಂಬಯಿಯಲ್ಲಿ ಬಾಂಬೆ ಟಾಕೀಸ್‌ಗಾಗಿ ಚಿತ್ರಕತೆ ಬರೆದ ಅವರಿಗೆ ಹೀರೋ ಎಂದರೆ ಹೇಗಿರಬೇಕೆಂದು ಗೊತ್ತಿರಲಿಲ್ಲ ಎನ್ನುವಂತೆಯೂ ಇಲ್ಲ. ಅಂದರೆ ಚೆಲುವು ಬರಹದಲ್ಲಿತ್ತು. ಬೇರೆ ದಾರಿ ಹಿಡಿದದ್ದು ಟೀವಿ.

ಸಿನಿಮಾದವರು ಲೇಖಕರ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದರು. 1967ರಲ್ಲಿ ಸತ್ಯಜಿತ್ ರಾಯ್ ‘ಚಿಡಿಯಾಖಾನಾ’ ಮಾಡಿದಾಗ ಬ್ಯೋಮಕೇಶನಾದವರು ಬಂಗಾಳದ ಹೆಂಗಳೆಯರ ಕಣ್ಮಣಿ ಉತ್ತಮ್ ಕುಮಾರ್. ಕಣ್ಣಿಗೆ ದಪ್ಪ ಚೌಕಟ್ಟಿನ ಕನ್ನಡಕ ಹಾಕಿಸಿದರು. ಆದರೂ ಅವರು ಉತ್ತಮ್ ಕುಮಾರರೇ. ನಟನೆ ಕಡಿಮೆಯಾಯಿತೆಂದು ಯಾರೂ ಹೇಳುವಂತಿಲ್ಲ. ಆ ವರ್ಷ ಶ್ರೇಷ್ಠ ನಟನಿಗೆ ಮೊದಲ ಬಾರಿ ಕೊಟ್ಟ ರಾಷ್ಟ್ರಪ್ರಶಸ್ತಿ ಈ ಚಿತ್ರಕ್ಕೂ ‘ಆಂಟನಿ ಫಿರಿಂಗಿ’ಗೂ ಸೇರಿ ಅವರಿಗೇ ಬಂತು. ತೊಡಕು ಬೇರೆ ಕಡೆ ಇತ್ತು. ಈಗ ಆ ಮೆಸ್ಸಿನ ಸನ್ನಿವೇಶವನ್ನು ನೆನೆಸಿಕೊಳ್ಳಿ. ಸುಳ್ಳು ಹೆಸರು ಹೇಳಿ ಕೋಣೆ ಹಿಡಿದು, ಹತ್ತು ಜನ ಗುಮಾಸ್ತರ ನಡುವೆ ಹನ್ನೊಂದನೆಯವನಾಗಿ ಕರಗಿಹೋಗಬೇಕಾದ ಮನುಷ್ಯ ಅವನು. ಸಂಜೆ ಹೊತ್ತು ಸಿಯಾಲ್ದಾದಲ್ಲಿ ಲೋಕಲ್ ರೈಲಿಗೆ ಓಡುವ ಜನರ ನಡುವೆ ನಿಲ್ಲಿಸಿದರೆ ಯಾರೂ ಎರಡನೇ ಸಲ ನೋಡಬಾರದು. ಉತ್ತಮ್ ಕುಮಾರ್ ನಿಂತರೆ ರೈಲೇ ನಿಲ್ಲುತ್ತಿತ್ತು!

ಹಾಗಾದರೆ ಅಡ್ಡಿಯಾದದ್ದು ಚೆಲುವೇ? ಪೂರ್ತಿ ಹಾಗಲ್ಲ. ಅಪರಿಚಿತ ಚೆಲುವ ಗುಂಪಿನಲ್ಲಿ ಕರಗಬಲ್ಲ, ಹೆಸರು ಮಾಡಿದ ಚೆಲುವ ಕರಗಲಾರ. ನಾವು ‘ಹೀರೋ ಥರ ಇಲ್ಲ’ ಎನ್ನುವಾಗ ಮೂಗು, ಬಾಯಿ, ಎತ್ತರಗಳ ಜೊತೆಗೆ ಈ ಖ್ಯಾತಿಯನ್ನೂ ಸೇರಿಸಿ ಅಳೆಯುತ್ತಿರುತ್ತೇವೆ. ಇವೆರಡನ್ನು ಬೇರೆ ಬೇರೆ ಇಟ್ಟುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

1993ರಲ್ಲಿ ಬಾಸು ಚಟರ್ಜಿ ದೂರದರ್ಶನಕ್ಕಾಗಿ ‘ಬ್ಯೋಮಕೇಶ್ ಬಕ್ಷಿ’ ಮಾಡಿದರು. ಅವರ ಸ್ವಭಾವ ಮೊದಲೇ ಗೊತ್ತಿದ್ದದ್ದು. ‘ರಜನೀಗಂಧಾ’, ‘ಛೋಟೀ ಸೀ ಬಾತ್’ ಚಿತ್ರಗಳಲ್ಲಿ ಅಮೋಲ್ ಪಾಲೇಕರ್ ಅವರನ್ನು ನಾಯಕರನ್ನಾಗಿ ಮಾಡಿ, ಬಸ್‌ಸ್ಟಾಪಿನಲ್ಲಿ ಕಾಯುವ ಗುಮಾಸ್ತನೂ ಪ್ರೀತಿಸಬಹುದು ಎಂದು ತೋರಿಸಿದವರು ಅವರೇ. ನಮ್ಮ ಗಿರೀಶ ಕಾರ್ನಾಡರನ್ನು ಶರತ್‌ಚಂದ್ರರ ಕತೆ ಆಧರಿಸಿದ ‘ಸ್ವಾಮಿ’ (1977) ಚಿತ್ರದಲ್ಲಿ ತಾಳ್ಮೆಯ ಗಂಡನಾಗಿಸಿದವರೂ ಅವರೇ. ಬ್ಯೋಮಕೇಶನ ಪಾತ್ರಕ್ಕೆ ಅವರು ತಂದದ್ದು ರಂಗಭೂಮಿಯಲ್ಲಿ ಪಳಗಿದ್ದ, ಶ್ಯಾಮ್ ಬೆನೆಗಲ್ಲರ ‘ಸೂರಜ್ ಕಾ ಸಾತ್ವಾಂ ಘೋಡಾ’ದಲ್ಲಿ ಆಗಷ್ಟೇ ನಟಿಸಿದ್ದ ರಜಿತ್ ಕಪೂರರನ್ನು. ಅಜಿತನಾಗಿ ಕೆ.ಕೆ. ರೈನಾ.

ನೀವು ಆ ಧಾರಾವಾಹಿಯನ್ನು ಮತ್ತೆ ನೋಡಿರುವುದರಿಂದ ಒಂದು ಕೆಲಸ ಮಾಡಿ. ಯಾವುದಾದರೂ ಕಂತಿನಲ್ಲಿ ಕಕ್ಷಿದಾರ ಬಂದು ತನ್ನ ಕಷ್ಟ ಹೇಳಿಕೊಳ್ಳುವ ದೃಶ್ಯವನ್ನು ಶಬ್ದವಿಲ್ಲದೆ ನೋಡಿ. ಮಾತಾಡುವವನು ಬೇರೆ, ಕ್ಯಾಮೆರಾ ಮಾತ್ರ ಆಗಾಗ ಬ್ಯೋಮಕೇಶನ ಕಡೆಗೆ ಹೊರಳುತ್ತದೆ. ಧೋತಿ, ಜುಬ್ಬಾ, ಬೆರಳ ನಡುವೆ ಸಿಗರೇಟು. ಮುಖದಲ್ಲಿ ಹೆಚ್ಚೇನೂ ನಡೆಯುವುದಿಲ್ಲ. ಕಣ್ಣು ಒಮ್ಮೆ ಮಾತಾಡುವವನ ಕೈಯ ಕಡೆ ಹೋಗಿ ಬರುತ್ತದೆ. ಹುಬ್ಬು ಏರುವುದಿಲ್ಲ. ಆದರೆ ಆ ಕೈಯಲ್ಲಿ ಏನೋ ಇದೆ ಎಂದು ನಮಗೂ ತಿಳಿಯುತ್ತದೆ, ನಾವೂ ಅತ್ತ ನೋಡುತ್ತೇವೆ. ಕೇಳಿಸಿಕೊಳ್ಳುವುದನ್ನು ಹೀಗೆ ನಟಿಸುವುದು ಕಷ್ಟದ ವಿದ್ಯೆ. ಅತಿ ಚೆಲುವಾದ ಮುಖ ಈ ಜಾಗದಲ್ಲಿದ್ದರೆ ನಮ್ಮ ನೋಟ ಅಲ್ಲೇ ನಿಂತುಬಿಡುವ ಅಪಾಯವಿದೆ. ಕಕ್ಷಿದಾರನ ಕೈ ನಮಗೆ ಕಾಣದೇ ಹೋಗುತ್ತದೆ.

ಇನ್ನು ನಿಮ್ಮ ಪ್ರಶ್ನೆಗೆ ನೇರ ಉತ್ತರ. ಕತೆಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಕೆಲವು ಕತೆಗಳು ನಾಯಕನ ಪಕ್ಕದಲ್ಲಿ ನಮ್ಮನ್ನು ನಿಲ್ಲಿಸಿ, ಅವನು ನೋಡುವುದನ್ನು ನಮಗೂ ತೋರಿಸುತ್ತವೆ. ಇನ್ನು ಕೆಲವು ನಮ್ಮನ್ನು ಅವನ ಎದುರಿಗೆ ನಿಲ್ಲಿಸಿ ಅವನನ್ನೇ ತೋರಿಸುತ್ತವೆ. ಪತ್ತೇದಾರಿ, ಕೋರ್ಟು, ಸಂಸಾರದ ತಾಪತ್ರಯ, ಹಾಸ್ಯ, ಇವೆಲ್ಲ ಮೊದಲ ಬಗೆ. ಚೆಲುವು ಬೇಕಿಲ್ಲ, ಎಷ್ಟೋ ಸಲ ಇಲ್ಲದಿದ್ದರೇ ಲೇಸು. ಪ್ರೇಮಕತೆ, ಅದರಲ್ಲೂ ನಾಯಕಿಯ ಕಣ್ಣಿನಿಂದ ಹೇಳಿದ ಪ್ರೇಮಕತೆ, ಎರಡನೆಯ ಬಗೆ. ಅವಳು ಬಾಗಿಲ ಮರೆಯಿಂದ ನೋಡುತ್ತಾಳೆ ಎಂದರೆ ನೋಡತಕ್ಕ ಏನಾದರೂ ಅಲ್ಲಿರಬೇಕು. ನಿಮ್ಮ ಶ್ರೀಮತಿಯವರು ನೋಡುವ ಧಾರಾವಾಹಿಗಳು ಬಹುಪಾಲು ಈ ಎರಡನೆಯ ಬಗೆಯವೇ ಇರಬೇಕು ಎಂದು ನನ್ನ ಊಹೆ.

ಮೊದಲ ಬಗೆಗೆ ಉದಾಹರಣೆ ಬೇಕಾದರೆ ದೂರದರ್ಶನದ ಹಳೆಯ ದಿನಗಳನ್ನು ನೆನೆಸಿಕೊಂಡರೆ ಸಾಕು. 1985ರ ‘ಕರಮ್‌ಚಂದ್’ನಲ್ಲಿ ಕ್ಯಾರೆಟ್ ಕಡಿಯುತ್ತ ಕೊಲೆಗಾರರನ್ನು ಹಿಡಿದ ಪಂಕಜ್ ಕಪೂರ್, ‘ಮುಂಗೇರಿಲಾಲ್ ಕೇ ಹಸೀನ್ ಸಪ್ನೇ’ಯಲ್ಲಿ ಕುಳಿತಲ್ಲೇ ಹಗಲುಗನಸು ಕಾಣುವ ರಘುವೀರ್ ಯಾದವ್, ಇಬ್ಬರೂ ರಾಷ್ಟ್ರೀಯ ನಾಟಕ ಶಾಲೆಯಿಂದ ಬಂದವರು. 1988ರ ‘ವಾಗ್ಲೇ ಕೀ ದುನಿಯಾ’ವಂತೂ ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಕಲ್ಪನೆಯ ಕೂಸು. ಅಂಜನ್ ಶ್ರೀವಾಸ್ತವ್ ಅವರ ವಾಗ್ಲೆ ಹೊಟ್ಟೆಪಾಡಿನ ಗುಮಾಸ್ತ. ಸ್ಕೂಟರು, ಬಾಡಿಗೆ, ಅಕ್ಕಪಕ್ಕದವರ ಕಾಟ ಇವುಗಳ ನಡುವೆ ಅವನ ಮುಖ ಹೇಗಿದೆ ಎಂದು ಯಾರು ಕೇಳಿದರು? ಅದು ನಮ್ಮ ಚಿಕ್ಕಪ್ಪನ ಮುಖದ ಹಾಗಿತ್ತು, ಅಷ್ಟೇ ಸಾಕಾಯಿತು.

ಕನ್ನಡದವರ ಕೈಯಲ್ಲಿ ತಯಾರಾದ ಉದಾಹರಣೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ‘ಮಾಲ್ಗುಡಿ ಡೇಸ್’ನ ಒಂದು ಕಂತು. ಶಂಕರನಾಗ್ ಆಗುಂಬೆಯಲ್ಲಿ ಚಿತ್ರಿಸಿದ ಆ ಸರಣಿಯಲ್ಲಿ, ತಿಂಗಳಿಗೆ 45 ರೂಪಾಯಿ ಸಂಬಳದ ಗುಮಾಸ್ತನೊಬ್ಬ ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುತ್ತೇನೆಂದು ಮಾತು ಕೊಟ್ಟು, ಕಚೇರಿಯ ಕೆಲಸ ಬಿಡದೆ ಒದ್ದಾಡುವ ಕತೆಯಿದೆ. ಆ ಗುಮಾಸ್ತನಾದವರು ವಿಷ್ಣುವರ್ಧನ್. ಕನ್ನಡ ತೆರೆಯ ಅಷ್ಟು ದೊಡ್ಡ ಚೆಲುವ ಅಲ್ಲಿ ಸೋತ ಭುಜಗಳ ಅಪ್ಪನಾಗಿ ಕೂತಿದ್ದಾರೆ. ಇದು ಬ್ಯೋಮಕೇಶನ ಕತೆಗೆ ಕನ್ನಡಿಯ ಪ್ರತಿಬಿಂಬದಂತಿದೆ: ಇಲ್ಲಿ ನಟನ ಚೆಲುವನ್ನು ಕತೆ ಬೇಕೆಂತಲೇ ಪಕ್ಕಕ್ಕಿಟ್ಟಿದೆ. ಚೆಲುವಿದ್ದವನು ಅದನ್ನು ಅಡಗಿಸಿ ನಟಿಸಬಲ್ಲ. ಎಲ್ಲರಿಗೂ ಇದು ಸಾಧ್ಯವಿಲ್ಲ, ಸಾಧ್ಯವಿದ್ದರೂ ಮಾಡುವ ಧೈರ್ಯ ಬರುವುದಿಲ್ಲ.

ಆಮೇಲಿನ ಕನ್ನಡ ಧಾರಾವಾಹಿಗಳಲ್ಲಿ ಟಿ.ಎನ್. ಸೀತಾರಾಮ್ ಅವರನ್ನೇ ನೋಡಿ. ‘ಮುಕ್ತ ಮುಕ್ತ’ದಲ್ಲಿ ಅವರು ನಿರ್ದೇಶಕರಷ್ಟೇ ಅಲ್ಲ, ವಕೀಲ ಸಿ.ಎಸ್.ಪಿ. ಕೂಡ. ಕರಿಕೋಟು ಹಾಕಿಕೊಂಡು ಎದ್ದು ನಿಂತು ಸಾಕ್ಷಿಗೆ ಮೊದಲ ಪ್ರಶ್ನೆ ಕೇಳುವಷ್ಟರಲ್ಲಿ ಅಡುಗೆಮನೆಯಲ್ಲಿದ್ದವರೂ ಬಂದು ಕೂತಿರುತ್ತಿದ್ದರು. ‘ಪಾಪ ಪಾಂಡು’ವಿನ ಚಿದಾನಂದರ ಗೋಳು ನೋಡಿ ನಕ್ಕವರಿಗೂ ಅವರ ಮೈಕಟ್ಟು ಲೆಕ್ಕಕ್ಕೆ ಬರಲಿಲ್ಲ.

ಹೊರದೇಶದಲ್ಲೂ ಹೀಗೇ. ಅಮೆರಿಕದ ‘ಕೊಲಂಬೊ’ ಧಾರಾವಾಹಿಯಲ್ಲಿ ಪೊಲೀಸ್ ಅಧಿಕಾರಿಯಾದ ಪೀಟರ್ ಫಾಕ್ ಅವರಿಗೆ ಚಿಕ್ಕಂದಿನಲ್ಲೇ ಬಲಗಣ್ಣು ಹೋಗಿ, ಗಾಜಿನ ಕಣ್ಣು ಇತ್ತು. ಮುದುಡಿದ ಮಳೆಕೋಟು, ಕೆದರಿದ ತಲೆ. ಶ್ರೀಮಂತ ಕೊಲೆಗಾರರು ಇವನನ್ನು ಪೆದ್ದನೆಂದು ತಿಳಿದು ಬಾಯಿಬಿಟ್ಟು ಸಿಕ್ಕಿಬೀಳುತ್ತಿದ್ದರು. ಮುಖ ನೋಡಿ ಮೋಸಹೋಗುವುದೇ ಅಲ್ಲಿ ಕತೆಯ ಯಂತ್ರ. ಚೆಲುವನನ್ನು ಹಾಕಿದ್ದರೆ ಆ ಧಾರಾವಾಹಿಯೇ ಇರುತ್ತಿರಲಿಲ್ಲ.

ಈಗ ಎರಡನೇ ಭಾಗ: ಇಂದಿನವರೆಲ್ಲ ಒಂದೇ ಅಚ್ಚಿನವರಂತೆ ಏಕಿದ್ದಾರೆ? ಹಿಂದಿನವರು ಕಲಾಪ್ರೇಮಿಗಳು, ಇಂದಿನವರು ವ್ಯಾಪಾರಿಗಳು ಎಂದು ಹೇಳಿಬಿಡುವುದು ಸುಲಭ, ಆದರೆ ಅದು ಸರಿಯಾದ ಉತ್ತರವಲ್ಲ. 1984ರಲ್ಲಿ ‘ಹಮ್ ಲೋಗ್’ನಿಂದ ಆರಂಭವಾದ ದೂರದರ್ಶನದ ಪ್ರಾಯೋಜಿತ ಧಾರಾವಾಹಿಗಳ ಹಿಂದೆಯೂ ಸಾಬೂನು, ಪೇಸ್ಟು ಮಾರುವವರೇ ಇದ್ದರು. ವ್ಯತ್ಯಾಸವೆಂದರೆ, ಆಗ ಇದ್ದದ್ದು ಒಂದು ವಾಹಿನಿ. ಧಾರಾವಾಹಿ ವಾರಕ್ಕೊಮ್ಮೆ, ಅನೇಕ ಸಲ ಹದಿಮೂರು ಕಂತಿಗೆ ಮುಗಿತಾಯ. ನೋಡುಗ ಎದ್ದು ಹೋಗಲು ಬೇರೆ ಜಾಗವಿರಲಿಲ್ಲ. ಎರಡು ಕಂತು ಸಪ್ಪೆಯಾದರೂ ಮೂರನೆಯದಕ್ಕೆ ಕಾಯುತ್ತಿದ್ದ. ಅಷ್ಟರಲ್ಲಿ ಸಾದಾ ಮುಖದ ನಟ ತನ್ನ ಕೆಲಸ ಮಾಡಿ ಮುಗಿಸಿರುತ್ತಿದ್ದ.

ಖಾಸಗಿ ವಾಹಿನಿಗಳು ಬಂದು ಧಾರಾವಾಹಿ ದಿನನಿತ್ಯದ್ದಾದ ಮೇಲೆ ಈ ಕಾಯುವ ಸಮಯವೇ ಹೋಯಿತು. ಹೊಸ ಧಾರಾವಾಹಿಯ ಪ್ರೋಮೊ ಅರ್ಧ ನಿಮಿಷದ್ದು. ನೋಡುಗರ ಕೈಯಲ್ಲಿ ರಿಮೋಟಿದೆ, ಪಕ್ಕದ ವಾಹಿನಿಯಲ್ಲೂ ಅದೇ ಹೊತ್ತಿಗೆ ಇನ್ನೊಂದು ಹೊಸ ಧಾರಾವಾಹಿ. ಕೇಳಿಸಿಕೊಳ್ಳುವ ನಟನೆಯನ್ನು ಅರ್ಧ ನಿಮಿಷದಲ್ಲಿ ತೋರಿಸಲಾಗುವುದಿಲ್ಲ. ಎತ್ತರ, ಭುಜ, ಕಾರಿನಿಂದ ಇಳಿಯುವ ಠೀವಿ ಇವನ್ನು ತೋರಿಸಬಹುದು. ಗುರುವಾರ ಗುರುವಾರ ಬರುವ ಟಿಆರ್‌ಪಿ ಅಂಕಿಗಾಗಿ ಕಾಯುವವರು ಮೊದಲ ವಾರದಲ್ಲೇ ಜನ ಬಂದು ಕೂರಲಿ ಎಂದು ಬಯಸುವುದು ಸಹಜ. ಹಾಗಾಗಿ ಚೆಲುವು ಇವತ್ತು ಬಾಗಿಲಲ್ಲಿ ನಿಂತು ಕರೆಯುವ ಕೆಲಸ ಮಾಡುತ್ತದೆ.

ಇನ್ನೊಂದು ಕಾರಣ ಚಿತ್ರೀಕರಣದ ವೇಗ. ದಿನಕ್ಕೊಂದು ಕಂತು ಹೊರಬೀಳಬೇಕು. ಅತ್ತೆ ಒಂದು ಮಾತಾಡಿದಳು ಎಂದರೆ ಮನೆಯಲ್ಲಿರುವ ಏಳೂ ಜನರ ಮುಖದ ಮೇಲೆ ಕ್ಯಾಮೆರಾ ಹಾದು, ಡೋಲು ಬಡಿದು, ನಾಯಕನ ಮುಖಕ್ಕೆ ಮೂರು ಸಲ ಜೂಮ್ ಆಗುತ್ತದಲ್ಲ, ಆ ಹೊತ್ತಿನಲ್ಲಿ ಅವನಿಗೆ ಮಾಡಲು ಏನೂ ಇಲ್ಲ. ನಿಂತಿರಬೇಕು. ಮಾಡಲು ಏನೂ ಕೊಡದೆ ಬರೀ ನಿಲ್ಲಿಸುವುದಾದರೆ ನಿಲ್ಲಲು ಚೆನ್ನಾಗಿರುವವನನ್ನೇ ಹುಡುಕುತ್ತಾರೆ. ತಪ್ಪು ಆ ಹುಡುಗರದ್ದಲ್ಲ. ಅವರಲ್ಲಿ ಎಷ್ಟೋ ಜನ ಒಳ್ಳೆಯ ನಟರು. 2009ರಲ್ಲಿ ‘ಪವಿತ್ರ ರಿಶ್ತಾ’ದ ಗ್ಯಾರೇಜ್ ಮೆಕ್ಯಾನಿಕ್ ಮಾನವ್ ಆಗಿ ಮನೆಮಾತಾದ ಸುಶಾಂತ್ ಸಿಂಗ್ ರಾಜಪೂತ್ ಮುಂದೆ 2015ರಲ್ಲಿ ದಿಬಾಕರ್ ಬ್ಯಾನರ್ಜಿಯವರ ಚಿತ್ರದಲ್ಲಿ ಬ್ಯೋಮಕೇಶನೇ ಆದರು, ಅದೂ 1943ರ ಕಲ್ಕತ್ತೆಯ ಮೆಸ್ಸಿನಲ್ಲಿ.

ಬ್ಯೋಮಕೇಶನ ಮಾತು ಬಂದಾಗ ಇದನ್ನೂ ಹೇಳಿಬಿಡುತ್ತೇನೆ. ನಿಮ್ಮ ಬಂಗಾಳಿ ಗೆಳೆಯರ ನಡುವೆ ‘ನಿಜವಾದ ಬ್ಯೋಮಕೇಶ್ ಯಾರು’ ಎಂದು ಕೇಳಿ ನೋಡಿ, ಮಧ್ಯಾಹ್ನದ ಚಹಾ ಆರಿಹೋಗುವವರೆಗೂ ಜಗಳ ನಡೆಯುತ್ತದೆ. ಆಬೀರ್ ಚಟರ್ಜಿ, ಜಿಶು ಸೇನ್‌ಗುಪ್ತ, ವೆಬ್ ಸರಣಿಯ ಅನಿರ್ಬಾನ್ ಭಟ್ಟಾಚಾರ್ಯ, 2023ರಲ್ಲಿ ಬಂಗಾಳದ ಜನಪ್ರಿಯ ತಾರೆ ದೇವ್, ಹೀಗೆ ಪಟ್ಟಿ ಬೆಳೆಯುತ್ತಲೇ ಇದೆ. ಇವರಲ್ಲಿ ಹಲವರು ಕಟ್ಟುಮಸ್ತಾದ ಚೆಲುವರು. ಆದರೂ ಬಂಗಾಳಿ ಬಾರದ ನಮ್ಮಂಥವರಿಗೆ ಬ್ಯೋಮಕೇಶ್ ಎಂದೊಡನೆ ಕಣ್ಣೆದುರು ಬರುವುದು ಹಿಂದಿ ಮಾತಾಡಿದ ರಜಿತ್ ಕಪೂರರೇ.

ಅದಕ್ಕೆ ಅಭಿನಯವೊಂದೇ ಕಾರಣವಲ್ಲ. ನಾಯಕ ಚೆಲುವನಾಗಿದ್ದಾನೆ, ಅದಕ್ಕೆ ಇಷ್ಟವಾದ ಎಂದು ನಾವು ಹೇಳುತ್ತೇವೆ. ಬಹಳ ಸಲ ನಡೆಯುವುದು ಇದರ ಉಲ್ಟಾ: ಮತ್ತೆ ಮತ್ತೆ ನೋಡಿದ್ದರಿಂದ ಇಷ್ಟವಾದ, ಇಷ್ಟವಾದದ್ದರಿಂದ ಚೆಲುವನಾಗಿ ಕಂಡ. ರಾಬರ್ಟ್ ಝಯಾನ್ಸ್ ಎಂಬ ಮನಶ್ಶಾಸ್ತ್ರಜ್ಞ 1968ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಅರ್ಥವಿಲ್ಲದ ಪದಗಳು, ಚೀನೀ ಲಿಪಿಯಂಥ ಚಿಹ್ನೆಗಳು, ಅಪರಿಚಿತ ಗಂಡಸರ ಫೋಟೋಗಳು, ಇವನ್ನು ಕೆಲವನ್ನು ಹೆಚ್ಚು ಸಲ, ಕೆಲವನ್ನು ಕಡಿಮೆ ಸಲ ತೋರಿಸಿದರು. ಹೆಚ್ಚು ಸಲ ಕಂಡದ್ದೇ ಜನರಿಗೆ ಹೆಚ್ಚು ಹಿಡಿಸಿತು. ಬೇರೆ ಯಾವ ಕಾರಣವೂ ಇರಲಿಲ್ಲ. ಸಿನಿಮಾ ನಾಯಕ ವರ್ಷಕ್ಕೊಮ್ಮೆ ಹಬ್ಬಕ್ಕೆ ಬರುವ ನೆಂಟ, ಉಡುಗೆ ತೊಡುಗೆ ಜೋರಾಗಿರಬೇಕು. ಧಾರಾವಾಹಿಯ ನಾಯಕ ಮೆಸ್ಸಿನಲ್ಲಿ ನಮ್ಮ ಕೋಣೆ ಹಂಚಿಕೊಂಡವನು. ಮೊದಲ ದಿನ ಮುಖ ನೋಡುತ್ತೇವೆ, ತಿಂಗಳಾದ ಮೇಲೆ ಅವನ ಗೊರಕೆ ಸಹಿಸಬಹುದೇ ಎಂದಷ್ಟೇ ನೋಡುತ್ತೇವೆ.

ಈ ಮಾತಿಗೆ ಧಾರಾವಾಹಿಗಳೇ ಸಾಕ್ಷಿ ಒದಗಿಸಿವೆ. ನಟ ಬಿಟ್ಟುಹೋದಾಗ ‘ಇನ್ನು ಮುಂದೆ ಈ ಪಾತ್ರದಲ್ಲಿ ಇಂಥವರು’ ಎಂದು ಒಂದು ಸಾಲು ಹಾಕಿ ಮುಂದುವರಿಯುತ್ತಾರಲ್ಲ, ಸಿನಿಮಾದಲ್ಲಿ ಇದನ್ನು ಊಹಿಸಲೂ ಆಗದು. 2000ದಲ್ಲಿ ಶುರುವಾದ ‘ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ’ಯ ಮಿಹಿರ್ ಮೊದಲು ಅಮರ್ ಉಪಾಧ್ಯಾಯ್, ಆಮೇಲೆ ಇಂದರ್ ಕುಮಾರ್, ಅನಂತರ ರೋನಿತ್ ರಾಯ್. ಮೂರು ಮುಖ, ಒಬ್ಬನೇ ಗಂಡ. ಕನ್ನಡದಲ್ಲಿ 2019ರಲ್ಲಿ ಆರಂಭವಾದ ‘ಜೊತೆ ಜೊತೆಯಲಿ’ಯಿಂದ 2022ರಲ್ಲಿ ಅನಿರುದ್ಧ್ ಹೊರಬಂದಾಗ ಹರೀಶ್ ರಾಜ್ ಬಂದರು. ಇಂಥ ಹೊತ್ತಿನಲ್ಲಿ ಜನ ಕೆಲವು ದಿನ ಗೊಣಗುತ್ತಾರೆ, ‘ಹಳಬನೇ ಚೆನ್ನಾಗಿದ್ದ’ ಎನ್ನುತ್ತಾರೆ. ಅವರಿಗೆ ಕಳೆದುಹೋದದ್ದು ರೂಪಕ್ಕಿಂತ ಹೆಚ್ಚಾಗಿ ರೂಢಿ.

‘ಜೊತೆ ಜೊತೆಯಲಿ’ ಇನ್ನೊಂದು ಕಾರಣಕ್ಕೂ ನಿಮ್ಮ ಪ್ರಶ್ನೆಗೆ ಹತ್ತಿರದ್ದು. ಅದರ ಆರ್ಯವರ್ಧನ್ ನಲವತ್ತು ದಾಟಿದ ಉದ್ಯಮಿ, ತಲೆಯಲ್ಲಿ ಬಿಳಿಗೂದಲು, ಪ್ರೀತಿ ಮಾತ್ರ ಚಿಕ್ಕ ವಯಸ್ಸಿನ ಹುಡುಗಿಯ ಜೊತೆ. ಮರಾಠಿಯ ‘ತುಲಾ ಪಾಹತೇ ರೇ’ಯಿಂದ ಬಂದ ಕತೆ. ಎಲ್ಲ ಕಟ್ಟಳೆ ಮುರಿದಂತೆ ಕಂಡಿತು. ಸ್ವಲ್ಪ ಹತ್ತಿರ ಹೋಗಿ ನೋಡಿದರೆ ಮುರಿದದ್ದು ವಯಸ್ಸಿನ ಕಟ್ಟಳೆಯನ್ನು ಮಾತ್ರ. ಬಿಳಿಗೂದಲನ್ನು ಒಪ್ಪವಾಗಿ ಬಾಚಿದ್ದರು, ಸೂಟು ಒಪ್ಪವಾಗಿತ್ತು, ನಡಿಗೆ ಠೀವಿಯದ್ದೇ. ನಮ್ಮ ಪ್ರೇಮಕತೆಗಳು ನಾಯಕನಿಗೆ ವಯಸ್ಸಾಗಲು ಬಿಟ್ಟಿವೆ, ಬೊಜ್ಜು ಬರಲು ಇನ್ನೂ ಬಿಟ್ಟಿಲ್ಲ. ಬೊಜ್ಜಿಗೆ ಹಾಸ್ಯದಲ್ಲಷ್ಟೇ ಪ್ರವೇಶ.

ನೀವು ಕೇಳದಿದ್ದರೂ ಒಂದು ವಿಷಯ ಸೇರಿಸದೆ ಉತ್ತರ ಪೂರ್ತಿಯಾಗದು. ಇಷ್ಟು ಹೊತ್ತು ಹೇಳಿದ ರಿಯಾಯಿತಿಯೆಲ್ಲ ಗಂಡಸರಿಗೆ. ವಾಗ್ಲೆಯ ಮುಖ ಸಾದಾ ಎಂಬುದು ಆ ಧಾರಾವಾಹಿಯ ಕತೆಯಾಗಲಿಲ್ಲ, ಅವನ ಪಾಡಿಗೆ ಅವನು ಗುಮಾಸ್ತನಾಗಿದ್ದ. ಹೆಣ್ಣು ಸಾದಾ ಇದ್ದರೆ ಅದೇ ಕತೆಯಾಗುತ್ತದೆ. ಕೊಲಂಬಿಯಾದ ‘ಬೆಟ್ಟಿ ಲಾ ಫೇಯಾ’ (1999) ಆಧರಿಸಿ 2003ರಲ್ಲಿ ಹಿಂದಿಗೆ ಬಂದ ‘ಜಸ್ಸಿ ಜೈಸೀ ಕೋಯೀ ನಹೀಂ’ಯಲ್ಲಿ ಮೋನಾ ಸಿಂಗ್ ಅವರಿಗೆ ದಪ್ಪ ಕನ್ನಡಕ, ಹಲ್ಲಿಗೆ ತಂತಿ ಹಾಕಿ ಕುರೂಪಿ ಎನಿಸಿದರು, ಮುಂದೆ ಅವೆಲ್ಲ ತೆಗೆದು ಚೆಲುವೆ ಮಾಡಿದರು. ಕನ್ನಡದ ‘ಲಕ್ಷಣ’ದಲ್ಲಿ ನಾಯಕಿಯ ಕಪ್ಪು ಮೈಬಣ್ಣವೇ ಕತೆಯ ಕೇಂದ್ರ. ಗಂಡಿನ ಮೈಬಣ್ಣವನ್ನು ಕೇಂದ್ರವಾಗಿಟ್ಟ ಧಾರಾವಾಹಿ ನನ್ನ ನೆನಪಿಗೆ ಬರುತ್ತಿಲ್ಲ. ಟೀವಿ ನಾಯಕ ಚೆಲುವನಾಗಿರಬೇಕೇ ಎಂದು ನಾವು ಆರಾಮವಾಗಿ ಕೂತು ಚರ್ಚಿಸುತ್ತಿದ್ದೇವೆ. ನಾಯಕಿಯ ವಿಷಯದಲ್ಲಿ ಆ ಚರ್ಚೆಯೇ ಇನ್ನೂ ಶುರುವಾಗಿಲ್ಲ.

ಕೊನೆಗೆ ನಿಮ್ಮ ಸೋದರಳಿಯನ ವಿಚಾರ. ‘ಮುಖ ಸಾಧಾರಣ’ ಎಂದು ಬರೆದಿದ್ದೀರಿ. ಅವನ ಎದುರಿಗೆ ಈ ಮಾತು ಆಡಬೇಡಿ, ಆಡಿದ್ದರೆ ಮತ್ತೆ ಆಡಬೇಡಿ. ಕೋಟ್ಯಧಿಪತಿ ಪ್ರೇಮಿಯ ಪಾತ್ರಕ್ಕೆ ಕರೆದ ಆಡಿಷನ್ನಿಗೆ ಹೋದರೆ ಅವನು ನಿರಾಶನಾಗಿ ಬರುವ ಸಂಭವ ಹೆಚ್ಚು, ಇದನ್ನು ಮುಚ್ಚಿಡುವುದು ಬೇಡ. ಆದರೆ ಒಂದು ಧಾರಾವಾಹಿಗೆ ಒಬ್ಬ ಪ್ರೇಮ ನಾಯಕ ಸಾಕು. ತಮ್ಮ, ವಕೀಲ, ಮೇಷ್ಟ್ರು, ಇನ್ಸ್‌ಪೆಕ್ಟರ್, ಸಾಲ ಮಾಡಿಕೊಂಡ ಭಾವ, ಇವರೆಲ್ಲ ಹತ್ತಾರು ಜನ ಬೇಕು. ಕೋರ್ಟು, ಪತ್ತೇದಾರಿಯ ಕತೆ ಬಂದಾಗ ಇವರ ನಡುವಿನಿಂದಲೇ ನಾಯಕರು ಏಳುತ್ತಾರೆ.

ಅದಕ್ಕೆ ಮೊದಲು ಒಂದಿಷ್ಟು ಕಲಿಯಲಿ. ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ. ಇಂದು ಕನ್ನಡ ತೆರೆಯ ಮೇಲೆ ಎಲ್ಲೆಲ್ಲೂ ಕಾಣುವ ಅಚ್ಯುತ್ ಕುಮಾರ್ ಅಲ್ಲಿಂದ ಬಂದವರೇ. ಊರಲ್ಲೇ ಇರುವ ಹವ್ಯಾಸಿ ತಂಡ ಸೇರಿದರೂ ಆದೀತು. ಅಲ್ಲಿ ಮೊದಲು ಪಳಗುವುದು ದನಿ. ಟೀವಿಯನ್ನು ಅಡುಗೆಮನೆಯಿಂದ ಕೇಳಿಸಿಕೊಳ್ಳುವವರೇ ಅರ್ಧ ಜನ ಎಂಬುದನ್ನು ಮುಖದ ಚಿಂತೆಯಲ್ಲಿರುವವರು ಮರೆಯುತ್ತಾರೆ. ಆಡಿಷನ್ನಿಗೆ ವೀಡಿಯೊ ಕಳಿಸುವಾಗ ಎಲ್ಲರೂ ಉದ್ದುದ್ದ ಸಂಭಾಷಣೆ ಒಪ್ಪಿಸುತ್ತಾರೆ. ಇವನು ಅದರ ಜೊತೆಗೆ ಇನ್ನೊಂದು ತುಣುಕು ಸೇರಿಸಲಿ: ಎದುರಿಗೆ ಬೇರೆ ಯಾರೋ ಮಾತಾಡುತ್ತಿರಬೇಕು, ಕ್ಯಾಮೆರಾ ಇವನ ಮೇಲಿರಬೇಕು, ಇವನು ಸುಮ್ಮನೆ ಕೇಳಿಸಿಕೊಳ್ಳುತ್ತಿರಬೇಕು. ಎದುರಿನ ಮಾತನ್ನು ನೀವೇ ಹೇಳಿಕೊಡಬಹುದು, ಸಿಯಾಲ್ದಾದಿಂದ ಫೋನಿನಲ್ಲಾದರೂ ಸರಿ.